ಕ್ಯಾಮೆರಾ ನೋಡುತ್ತದೆ, ಕೂಗಿ ಎಬ್ಬಿಸುವವರು ಯಾರು? ಮನೆಗೆ ಅಲಾರಂ ಮತ್ತು ಕ್ಯಾಮೆರಾ ಜೋಡಿಸುವ ಬಗೆ

ಮೈಸೂರಿನ ನಮ್ಮ ಕುವೆಂಪುನಗರದ ಬೀದಿಯಲ್ಲೇ ಆದದ್ದು. ನಾಲ್ಕು ಕ್ಯಾಮೆರಾ ಇದ್ದ ಮನೆ. ಮನೆಯವರೆಲ್ಲ ಮದುವೆಗೆಂದು ಎರಡು ದಿನ ಊರಿಗೆ ಹೋಗಿದ್ದರು. ಹೊರಡುವಾಗ, ನಮ್ಮಲ್ಲಿ ಎಷ್ಟೋ ಜನ ಮಾಡುವ ಹಾಗೆ, ಶಾರ್ಟ್ ಸರ್ಕ್ಯೂಟ್ ಆದೀತು ಅನ್ನುವ ಭಯಕ್ಕೆ ಮೇನ್ ಸ್ವಿಚ್ ಆಫ್ ಮಾಡಿ ಹೋದರು. ಅಲ್ಲಿಗೆ ಕ್ಯಾಮೆರಾ, ರೂಟರ್ ಎಲ್ಲವೂ ನಿಂತವು. ವಾಪಸ್ ಬಂದು ನೋಡಿದರೆ ಹಿತ್ತಿಲ ಬಾಗಿಲು ಮುರಿದಿತ್ತು, ಬೀರು ತೆರೆದಿತ್ತು, ಕ್ಯಾಮೆರಾ ಚಿತ್ರಗಳನ್ನು ಉಳಿಸಿಡುವ, ಟಿವಿ ಪಕ್ಕದಲ್ಲಿದ್ದ ರೆಕಾರ್ಡರ್ ಕೂಡ ಇರಲಿಲ್ಲ. "ಅಷ್ಟು ದುಡ್ಡು ಕೊಟ್ಟು ಹಾಕಿಸಿದ್ವಲ್ಲಪ್ಪಾ" ಅಂತ ಆ ಮನೆಯ ಅಜ್ಜಿ ಬಾಗಿಲಲ್ಲೇ ಕೂತು ಅತ್ತದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಅದಾದ ಮೇಲೆ ಈ ವಿಷಯವನ್ನು ಹಿಡಿದು ಕೂತೆ. ನಮ್ಮ ಮನೆ, ಬೋಗಾದಿಯ ಅಕ್ಕನ ಮನೆ, ಪಾಂಡವಪುರದ ಹತ್ತಿರ ಚಿಕ್ಕಪ್ಪನ ತೋಟದ ಮನೆ, ಮೂರು ಕಡೆಯೂ ನಾನೇ ನಿಂತು ಮಾಡಿಸಿದೆ. ಗೋಡೆ ಕೊರೆಯುವುದು, ಕೇಬಲ್ ಎಳೆಯುವುದು ಬಿಟ್ಟರೆ ಉಳಿದ ಎಲ್ಲ ಜೋಡಣೆಯನ್ನೂ ಕಲಿತೆ. ಅದರಿಂದ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಇಡೀ ವ್ಯವಸ್ಥೆಯಲ್ಲಿ ಮೂರು ಕೆಲಸ ಇವೆ. ಯಾರೋ ಬಂದರು ಅಂತ ಗುರುತಿಸುವುದು ಸೆನ್ಸರ್ ಕೆಲಸ. ಆ ಸುದ್ದಿಯನ್ನು ಎಚ್ಚರವಿರುವ ಒಬ್ಬ ಮನುಷ್ಯನಿಗೆ ಮುಟ್ಟಿಸುವುದು ಕಮ್ಯುನಿಕೇಟರ್ ಕೆಲಸ. ಏನಾಯಿತು ಅಂತ ದಾಖಲಿಸಿಡುವುದು ಕ್ಯಾಮೆರಾ ಕೆಲಸ. ನಮ್ಮ ಜನ ದುಡ್ಡು ಹಾಕುವುದೆಲ್ಲ ಮೂರನೆಯದಕ್ಕೆ. ಎರಡನೆಯದರ ಹೆಸರೂ ಎಷ್ಟೋ ಜನರಿಗೆ ಗೊತ್ತಿಲ್ಲ. ಆದರೆ ಕಳ್ಳ ಇನ್ನೂ ಮನೆಯೊಳಗೆ ಇರುವಾಗಲೇ ನಿಮಗೆ ತಿಳಿಯಬೇಕು ಅಂದರೆ ಅದೇ ಬೇಕು.

ಮೊದಲು ಮನೆ ಸುತ್ತ ಒಂದು ಸುತ್ತು

ಅಂಗಡಿಗೆ ಹೋಗುವ ಮುಂಚೆ ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಮನೆ ಸುತ್ತಿ. ಹಗಲಲ್ಲಿ ಕಾಣದ್ದು ಆಗ ಕಾಣುತ್ತದೆ. ಬೀದಿದೀಪದ ಬೆಳಕು ಎಲ್ಲಿಯವರೆಗೆ ಬೀಳುತ್ತದೆ, ಪಕ್ಕದ ಖಾಲಿ ಸೈಟಿನಿಂದ ಕಾಂಪೌಂಡ್ ಹತ್ತಬಹುದಾ, ಹಿತ್ತಿಲ ಬಾಗಿಲಿಗೆ ಒಂದೇ ಚಿಲಕವಾ, ಮಹಡಿ ಮೆಟ್ಟಿಲ ಮೇಲಿನ ಬಾಗಿಲು ಗಟ್ಟಿ ಇದೆಯಾ. ಇಂಟರ್‌ನೆಟ್ ಫೈಬರ್ ತಂತಿ ಎಲ್ಲಿಂದ ಒಳಗೆ ಬರುತ್ತದೆ ಅನ್ನುವುದನ್ನೂ ನೋಡಿ. ನಮ್ಮಲ್ಲಿ ಅದು ಕಂಬದಿಂದ ಇಳಿದು ಪೋರ್ಟಿಕೋ ಕಂಬಿಗೆ ಸುತ್ತಿಕೊಂಡು, ನಿಂತವನ ಕೈಗೆ ಸಿಗುವ ಎತ್ತರದಲ್ಲಿ ನೇತಾಡುತ್ತಿತ್ತು. ಒಂದು ಕಟಿಂಗ್ ಪ್ಲೇಯರ್ ಸಾಕು, ಮನೆಯ ವೈಫೈ ಕಥೆ ಮುಗಿಯಿತು.

ಇದನ್ನೆಲ್ಲ ಒಂದು ಹಾಳೆ ಮೇಲೆ ಗುರುತು ಹಾಕಿ. ಬಾಗಿಲು ಎಷ್ಟು, ಕಿಟಕಿ ಎಷ್ಟು, ಕ್ಯಾಮೆರಾ ಎಲ್ಲಿ, ಕೇಬಲ್ ಯಾವ ದಾರಿ. ಆ ಹಾಳೆ ಇಲ್ಲದೆ ಅಂಗಡಿಗೆ ಹೋದರೆ ಅವರು ಕೊಟ್ಟದ್ದೇ ನಮಗೆ ಬೇಕಾದದ್ದು ಅನ್ನುವ ಹಾಗೆ ಆಗಿಬಿಡುತ್ತದೆ.

ಸೆನ್ಸರ್‌ಗಳು

ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್. ಚೌಕಟ್ಟಿಗೆ ಒಂದು ತುಂಡು, ಬಾಗಿಲಿಗೆ ಒಂದು ತುಂಡು, ಎರಡೂ ದೂರವಾದರೆ ಪ್ಯಾನೆಲ್‌ಗೆ, ಅಂದರೆ ಅಲಾರಂನ ಮುಖ್ಯ ಪೆಟ್ಟಿಗೆಗೆ, ಗೊತ್ತಾಗುತ್ತದೆ. ಸುಲಭದ ವಸ್ತು, ಆದರೆ ನಮ್ಮ ಕಡೆ ಎರಡು ತೊಂದರೆ ಇವೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಜಗ್ಗುತ್ತದೆ, ಹಾಗಾಗಿ ನಡುವಿನ ಸಂದು ಬದಲಾಗುತ್ತದೆ. ಅಂಚಿಗೆ ತಾಗಿಸಿ ಹಾಕಬೇಡಿ, ಸ್ವಲ್ಪ ಅಲುಗಾಡಿದರೂ ನಡೆಯುವಷ್ಟು ಜಾಗ ಬಿಡಿ. ಇನ್ನೊಂದು, ಕಬ್ಬಿಣದ ಗ್ರಿಲ್ ಮತ್ತು ಅಂಗಡಿಯ ರೋಲಿಂಗ್ ಶಟರ್. ಚಿಕ್ಕ ಮ್ಯಾಗ್ನೆಟ್ ಕಬ್ಬಿಣದ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆಂದೇ ದಪ್ಪನೆಯ ಶಟರ್ ಸೆನ್ಸರ್ ಸಿಗುತ್ತದೆ, ಅದನ್ನೇ ಕೇಳಿ.

ಒಳಗೆ ಓಡಾಟ ಗುರುತಿಸುವುದು ಪಿಐಆರ್ ಸೆನ್ಸರ್. ಮೈಯ ಬಿಸಿ ಅಲುಗಾಡುವುದನ್ನು ಅದು ಹಿಡಿಯುತ್ತದೆ. ಏಳು ಏಳೂವರೆ ಅಡಿ ಎತ್ತರದಲ್ಲಿ, ಕೋಣೆಯ ಮೂಲೆಯಲ್ಲಿ ಹಾಕಿ. ಅದರ ಕಡೆಗೆ ನೇರ ನಡೆದು ಬರುವವನಿಗಿಂತ, ಅದರ ಮುಂದೆ ಅಡ್ಡ ಹಾದು ಹೋಗುವವನನ್ನು ಅದು ಬೇಗ ಹಿಡಿಯುತ್ತದೆ. ಬಿಸಿಲು ಬೀಳುವ ಕಿಟಕಿ ಅದರ ಮುಂದೆ ಇರಬಾರದು. ಆಮೇಲೆ ಹಲ್ಲಿ. ಸೆನ್ಸರ್ ಮುಖದ ಮೇಲೇ ಹಲ್ಲಿ ಹರಿದರೆ ಅದಕ್ಕೆ ಆನೆ ಬಂದಂತೆ ಕಾಣುತ್ತದೆ. ಅಕ್ಕನ ಮನೆಯಲ್ಲಿ ಸತತ ಮೂರು ರಾತ್ರಿ ಸೈರನ್ ಕೂಗಿ, ಭಾವ ಬೇಸತ್ತು ಅಲಾರಂ ಹಾಕುವುದನ್ನೇ ಬಿಟ್ಟಿದ್ದರು. ಟ್ಯೂಬ್‌ಲೈಟ್ ಪಕ್ಕದಿಂದ ಸೆನ್ಸರ್ ತೆಗೆದು ಎದುರು ಮೂಲೆಗೆ ಹಾಕಿದೆವು, ಗೋಡೆಗೂ ಸೆನ್ಸರ್‌ಗೂ ನಡುವೆ ಇದ್ದ ಸಂದನ್ನು ಸಿಲಿಕಾನ್ ತುಂಬಿ ಮುಚ್ಚಿದೆವು. ಸರಿಹೋಯಿತು. ಸುಳ್ಳು ಅಲಾರಂ ಸಣ್ಣ ತೊಂದರೆ ಅಂದುಕೊಳ್ಳಬೇಡಿ. ನಾಲ್ಕು ಸಲ ಸುಳ್ಳು ಕೂಗಿದರೆ ಐದನೇ ಸಲ ಯಾರೂ ಏಳುವುದಿಲ್ಲ.

ತಂತಿಯ ಸೆನ್ಸರ್ ಹಾಕಿಸುವವರು ಒಂದು ಮಾತು ನೆನಪಿಡಿ. ಪ್ರತಿ ಲೈನಿಗೆ ಒಂದು ಪುಟ್ಟ ರೆಸಿಸ್ಟರ್ ಬರುತ್ತದೆ. ಅದು ಸೆನ್ಸರ್ ಇರುವ ತುದಿಯಲ್ಲಿ ಇರಬೇಕು. ಬೇಗ ಮುಗಿಯಲಿ ಅಂತ ಕೆಲವರು ಅದನ್ನು ಪ್ಯಾನೆಲ್ ಒಳಗೇ ಹಾಕಿಬಿಡುತ್ತಾರೆ. ಆಗ ದಾರಿಯಲ್ಲಿ ಯಾರಾದರೂ ಎರಡು ತಂತಿ ಸೇರಿಸಿದರೆ ಪ್ಯಾನೆಲ್‌ಗೆ ಗೊತ್ತೇ ಆಗುವುದಿಲ್ಲ, ಬಾಗಿಲು ಮುಚ್ಚಿದೆ ಅಂತಲೇ ತಿಳಿದುಕೊಂಡು ಸುಮ್ನೆ ಇರುತ್ತದೆ. ಕೆಲಸ ಮಾಡುವಾಗ ಪಕ್ಕ ನಿಂತು ನೋಡಿ.

ಮುಂಬಾಗಿಲಿಗೆ ಒಳಬರುವ ಸಮಯ 30 ಸೆಕೆಂಡ್, ಹೊರಹೋಗುವ ಸಮಯ 45 ರಿಂದ 60 ಸೆಕೆಂಡ್ ಇಟ್ಟರೆ ಸಾಕು. ಹಿತ್ತಿಲ ಬಾಗಿಲಿಗೆ ಸಮಯವೇ ಬೇಡ, ತೆರೆದ ತಕ್ಷಣ ಕೂಗಲಿ. ಅಪಾಯದ ಬಟನ್ ಮತ್ತು ಹೊಗೆ ಸೆನ್ಸರ್ ಮಾತ್ರ 24 ಗಂಟೆ ಲೈನಿನಲ್ಲಿ ಇರಲಿ, ಅಲಾರಂ ಆಫ್ ಇದ್ದರೂ ಅವು ಕೆಲಸ ಮಾಡಬೇಕು.

ಕಮ್ಯುನಿಕೇಟರ್: ಸುದ್ದಿ ಹೋಗುವ ದಾರಿ

ಸೈರನ್ ಕೂಗಿದರೆ ಅಕ್ಕಪಕ್ಕದವರು ಕಿಟಕಿಯಿಂದ ನೋಡಬಹುದು. ನೋಡದೆಯೂ ಇರಬಹುದು. ಅದಕ್ಕೇ ಪ್ಯಾನೆಲ್ ಕಮ್ಯುನಿಕೇಟರ್ ಮೂಲಕ ನಿಮಗೆ ಫೋನ್ ಮಾಡಬೇಕು. ಈ ಕೆಲಸಕ್ಕೆ ಎರಡು ದಾರಿ: ಮನೆಯ ಇಂಟರ್‌ನೆಟ್, ಇಲ್ಲ ಮೊಬೈಲ್ ಸಿಮ್. ಒಂದೇ ದಾರಿ ಇರುವ ಪೆಟ್ಟಿಗೆ ತಗೊಳ್ಳಬೇಡಿ. ಫೈಬರ್ ಕತ್ತರಿಸಿದರೆ ಸಿಮ್ ಇರಬೇಕು, ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೆ ಇಂಟರ್‌ನೆಟ್ ಇರಬೇಕು. ಎರಡೂ ಇರುವ ಮಾದರಿಗಳು ಸಿಗುತ್ತವೆ, ಸ್ವಲ್ಪ ಜಾಸ್ತಿ ಬೆಲೆ, ಆದರೆ ಒಂದು ಕ್ಯಾಮೆರಾ ಕಡಿಮೆ ಹಾಕಿಸಿಯಾದರೂ ಇದನ್ನು ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಸಿಮ್ ವಿಷಯದಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ. ಹಳೆಯ ಜಿಎಸ್‌ಎಂ ಪ್ಯಾನೆಲ್‌ಗಳು 2ಜಿ ಮೇಲೆ ನಡೆಯುವಂಥವು. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಹಾಗಾಗಿ ಆ ಸಿಮ್ ಹಾಕಿದರೆ ಪ್ಯಾನೆಲ್‌ಗೆ ನೆಟ್‌ವರ್ಕ್ ಸಿಗುವುದಿಲ್ಲ. ಈಗ ಹೊಸದಾಗಿ ತಗೊಳ್ಳುವವರು 4ಜಿ ಕಮ್ಯುನಿಕೇಟರನ್ನೇ ತಗೊಳ್ಳಿ. ಅದರಲ್ಲೂ ಎರಡು ವಿಷಯ ಕೇಳಿ. ಮೊದಲನೆಯದು, ನಮ್ಮ ದೇಶದ 4ಜಿ ಬ್ಯಾಂಡ್‌ಗಳಾದ (ಸಿಗ್ನಲ್ ಹೋಗುವ ತರಂಗ ಪಟ್ಟಿಗಳು) 3, 5, 8, 40 ಅದರಲ್ಲಿ ಇವೆಯಾ. ಹೊರದೇಶದ ಮಾರುಕಟ್ಟೆಗೆ ಮಾಡಿದ ಮಾದರಿಗಳಲ್ಲಿ 5 ಅಥವಾ 40 ಇಲ್ಲದೆ ಇರಬಹುದು. ಎರಡನೆಯದು, ಅದು 4ಜಿಯಲ್ಲೇ ಧ್ವನಿ ಕರೆ ಮಾಡುತ್ತದಾ, ಅಂದರೆ ವೋಲ್ಟಿ ಇದೆಯಾ. ಕೆಲವು 4ಜಿ ಪೆಟ್ಟಿಗೆಗಳು ಡೇಟಾ ಮಾತ್ರ ಕಳಿಸುತ್ತವೆ, ಕರೆ ಮಾಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಬರುವ ಸಣ್ಣ ಟಿಂಗ್ ಶಬ್ದಕ್ಕೆ ಯಾರು ಏಳುತ್ತಾರೆ? ಕರೆ ಬಂದರೆ ಏಳುತ್ತೇವೆ.

ಸಿಮ್ ಹಾಕುವ ಕ್ರಮ ಹೀಗೆ. ಮೊದಲು ಆ ಸಿಮ್ ಅನ್ನು ಒಂದು ಫೋನಿಗೆ ಹಾಕಿ, ಪ್ಯಾನೆಲ್ ಇಡುವ ಜಾಗದಲ್ಲೇ ನಿಂತು ಸಿಗ್ನಲ್ ನೋಡಿ, ಒಂದು ಕರೆ ಮಾಡಿ. ಮೆಟ್ಟಿಲ ಕೆಳಗೆ, ಅಟ್ಟದ ಮೂಲೆಯಲ್ಲಿ ಸಿಗ್ನಲ್ ಸಿಗುವುದು ಕಷ್ಟ. ಸಿಮ್‌ಗೆ ಪಿನ್ ಲಾಕ್ ಇದ್ದರೆ ತೆಗೆಯಿರಿ. ಆಮೇಲೆ ಪ್ಯಾನೆಲ್ ಆಫ್ ಮಾಡಿ, ಸಿಮ್ ಹಾಕಿ, ಆಂಟೆನಾ ತಿರುಗಿಸಿ ಬಿಗಿ ಮಾಡಿ, ಆನ್ ಮಾಡಿ. ರೀಚಾರ್ಜ್ ಬಗ್ಗೆ ಹುಷಾರು. ಆ ಸಿಮ್‌ಗೆ ಬರುವ ಎಚ್ಚರಿಕೆ ಮೆಸೇಜ್ ಪೆಟ್ಟಿಗೆಯೊಳಗೇ ಉಳಿಯುತ್ತದೆ, ನಿಮಗೆ ಕಾಣುವುದೇ ಇಲ್ಲ. ಒಂದು ವರ್ಷದ ಪ್ಲಾನ್ ಹಾಕಿಸಿ, ಮುಗಿಯುವ ದಿನವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ. ನಮ್ಮಮ್ಮ ಏಕಾದಶಿ ನೋಡುವಾಗ ಅದನ್ನೂ ನೋಡುತ್ತಾರೆ, ಒಂದು ಸಲವೂ ತಪ್ಪಿಲ್ಲ.

ಕರೆ ಹೋಗುವ ನಂಬರ್ ಮೂರಾದರೂ ಇರಲಿ. ನೀವು, ಇದೇ ಊರಿನಲ್ಲಿರುವ ಇನ್ನೊಬ್ಬರು, ಮತ್ತೆ ಪಕ್ಕದ ಮನೆಯವರು. ನೀವು ತಿರುಪತಿ ಸಾಲಿನಲ್ಲಿ ನಿಂತಿದ್ದರೆ ಕರೆ ಬಂದೂ ಏನು ಮಾಡುತ್ತೀರಿ, ಅಲ್ವಾ? ಕರೆ ಎತ್ತಿದ ಮೇಲೆ ಒಂದು ಅಂಕಿ ಒತ್ತಿದರೆ ಮಾತ್ರ "ತಲುಪಿತು" ಅಂತ ತಿಳಿಯುವ ಡಯಲರ್ ಒಳ್ಳೆಯದು, ಇಲ್ಲದಿದ್ದರೆ ಮೊದಲನೆಯವರ ವಾಯ್ಸ್‌ಮೇಲ್ ಎತ್ತಿಕೊಂಡರೂ ಕೆಲಸ ಮುಗಿಯಿತು ಅಂದುಕೊಂಡು ಉಳಿದವರಿಗೆ ಕರೆ ಮಾಡದೆ ಬಿಡಬಹುದು. ಆ ಮೂರೂ ಫೋನುಗಳಲ್ಲಿ ಪ್ಯಾನೆಲ್ ನಂಬರನ್ನು "ಮನೆ ಅಲಾರಂ" ಅಂತ ಸೇವ್ ಮಾಡಿ, ಫೋನ್ ಸೈಲೆಂಟ್ ಇದ್ದರೂ ಆ ನಂಬರ್ ಮಾತ್ರ ರಿಂಗ್ ಆಗುವ ಹಾಗೆ ಮಾಡಿಡಿ. ಫೋನಿನಲ್ಲಿರುವ ಅಲಾರಂ ಆಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ, ಇಲ್ಲದಿದ್ದರೆ ಫೋನೇ ಅದನ್ನು ಮಲಗಿಸಿಬಿಡುತ್ತದೆ.

ಈಗ ನಾನು ಅತಿ ಮುಖ್ಯ ಅಂದುಕೊಂಡ ವಿಷಯ. ಕಮ್ಯುನಿಕೇಟರ್ ಸತ್ತುಹೋದರೆ ಅದೇ ತಾನೇ ಹೇಳಲಾರದು. ಅದಕ್ಕೆ ಉಪಾಯ ಇದೆ. ಅದು ಆಗಾಗ್ಗೆ "ಇದ್ದೇನೆ, ಇದ್ದೇನೆ" ಅಂತ ಸರ್ವರ್‌ಗೆ ಒಂದು ಸಣ್ಣ ಸಂಕೇತ ಕಳಿಸುತ್ತಿರುತ್ತದೆ. ಇದಕ್ಕೆ ಹಾರ್ಟ್‌ಬೀಟ್ ಅನ್ನುತ್ತಾರೆ. ಆ ಸಂಕೇತ ನಿಂತರೆ ಸರ್ವರ್ ನಿಮಗೆ ತಿಳಿಸಬೇಕು. ಆಪ್‌ನಲ್ಲಿ "ಆಫ್‌ಲೈನ್ ಆದರೆ ತಿಳಿಸು" ಅನ್ನುವ ಆಯ್ಕೆ ಇರುತ್ತದೆ, ಅದು ಆನ್ ಇದೆಯಾ ಅಂತ ಇವತ್ತೇ ನೋಡಿ. ನಮ್ಮ ಬೀದಿಯ ಆ ಮನೆಯಲ್ಲಿ ಇದೊಂದು ಇದ್ದಿದ್ದರೆ ಮೇನ್ ಸ್ವಿಚ್ ಆಫ್ ಆದ ಸ್ವಲ್ಪ ಹೊತ್ತಿನಲ್ಲೇ, ಅವರಿನ್ನೂ ಬಸ್ಸಿನಲ್ಲಿ ಇರುವಾಗಲೇ, ಫೋನಿಗೆ ಸುದ್ದಿ ಬಂದಿರುತ್ತಿತ್ತು.

ಅಂಗಡಿ, ಗೋಡೌನ್, ಚಿನ್ನದಂಗಡಿ ಇರುವವರು ಅಲಾರಂ ಸುದ್ದಿಯನ್ನು ನಮ್ಮ ಪರವಾಗಿ ಕಾಯುವ ಮಾನಿಟರಿಂಗ್ ಕಂಪನಿಗೆ ಜೋಡಿಸಿಕೊಂಡರೆ, ಅಲ್ಲಿ ಕಾಂಟ್ಯಾಕ್ಟ್ ಐಡಿ ಅನ್ನುವ ಸಂಕೇತ ಪದ್ಧತಿ ಸಾಮಾನ್ಯ. ನಿಮ್ಮ ಪ್ಯಾನೆಲ್‌ಗೆ ನಾಲ್ಕು ಅಂಕಿಯ ಖಾತೆ ನಂಬರ್ ಕೊಡುತ್ತಾರೆ. 130 ಅಂದರೆ ಕಳ್ಳತನ, 110 ಬೆಂಕಿ, 120 ಅಪಾಯದ ಬಟನ್, 301 ಕರೆಂಟ್ ಹೋಗಿದೆ, 302 ಬ್ಯಾಟರಿ ಇಳಿದಿದೆ, 602 ಅಂದರೆ ನಿಗದಿತ ಸಮಯಕ್ಕೆ ತಾನೇ ಕಳಿಸುವ ಪರೀಕ್ಷೆ. ಇವುಗಳಲ್ಲಿ 301, 302, 602 ಆನ್ ಮಾಡಿದ್ದಾರಾ ಅಂತ ಒತ್ತಿ ಕೇಳಿ.

ಕ್ಯಾಮೆರಾ ಎಲ್ಲಿ, ಯಾವುದು

ಎಷ್ಟು ಮೆಗಾಪಿಕ್ಸೆಲ್ ಅಂತ ಎಲ್ಲರೂ ಕೇಳುತ್ತಾರೆ. ಲೆನ್ಸ್ ಎಷ್ಟು ಮಿಲಿಮೀಟರ್ ಅಂತ ಯಾರೂ ಕೇಳುವುದಿಲ್ಲ. ನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 2560 ಚುಕ್ಕಿ. ಗೊತ್ತಿಲ್ಲದವನ ಮುಖ ಗುರುತು ಹಿಡಿಯಲು ಒಂದು ಮೀಟರ್ ಅಗಲಕ್ಕೆ 250 ಚುಕ್ಕಿ ಬೇಕು ಅನ್ನುವುದು ಈ ಕ್ಷೇತ್ರದ ಅಳತೆ. ಅಂದರೆ ಚಿತ್ರದ ಅಗಲ ಹತ್ತು ಮೀಟರ್ ದಾಟಬಾರದು. 2.8 ಮಿ.ಮೀ. ಲೆನ್ಸ್ ಅಗಲವಾಗಿ ನೋಡುವುದರಿಂದ ಸುಮಾರು 14 ಅಡಿ ದೂರಕ್ಕೇ ಆ ಮಿತಿ ಬರುತ್ತದೆ. 6 ಮಿ.ಮೀ. ಲೆನ್ಸ್ ಕಿರಿದಾಗಿ ನೋಡುತ್ತದೆ, ಹಾಗಾಗಿ ಮೂವತ್ತು ಅಡಿ ದೂರದ ಮುಖವೂ ಸಿಗುತ್ತದೆ. ಅದಕ್ಕೇ ಎಲ್ಲ ಕಡೆ ಒಂದೇ ಲೆನ್ಸ್ ಹಾಕಿಸಬೇಡಿ. ಪೋರ್ಟಿಕೋಗೆ 2.8, ದೂರದ ಗೇಟಿಗೆ 6.

ಎತ್ತರ ಎಂಟು ಒಂಬತ್ತು ಅಡಿ ಸಾಕು. ಮಹಡಿ ತುದಿಯಲ್ಲಿ ಹಾಕಿದರೆ ತಲೆಕೂದಲು ಮತ್ತು ಟೋಪಿ ಬಿಟ್ಟರೆ ಏನೂ ಕಾಣುವುದಿಲ್ಲ. ಸಜ್ಜಾಗೆ ತೀರಾ ಅಂಟಿಸಿದರೆ ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಸಜ್ಜಾಗೇ ಬಡಿದು ವಾಪಸ್ ಬರುತ್ತದೆ, ಚಿತ್ರ ಪೂರ್ತಿ ಬೆಳ್ಳಗಾಗುತ್ತದೆ. ಆ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬಂದು ಲೆನ್ಸ್ ಮುಂದೆಯೇ ಬಲೆ ಕಟ್ಟುತ್ತದೆ. ತಿಂಗಳಿಗೊಮ್ಮೆ ಪೊರಕೆ ತುದಿಯಲ್ಲಿ ಮೆಲ್ಲಗೆ ಒರೆಸಿ. ಗೇಟಿನ ಹತ್ತಿರ ಒಂದು 9 ವ್ಯಾಟ್ ಎಲ್‌ಇಡಿ ಬಲ್ಬ್ ರಾತ್ರಿಯಿಡೀ ಉರಿದರೆ ಕ್ಯಾಮೆರಾಕ್ಕೂ ಅನುಕೂಲ, ಬಂದವನಿಗೂ ಹಿಂಜರಿಕೆ.

ಪಕ್ಕದ ಮನೆಯ ಕಿಟಕಿ, ಅವರ ಬಟ್ಟೆ ಒಣಗಿಸುವ ಮಹಡಿ ಚಿತ್ರದಲ್ಲಿ ಬಾರದ ಹಾಗೆ ತಿರುಗಿಸಿ. ತಿರುಗಿಸಲಾಗದಿದ್ದರೆ ಆ ಭಾಗವನ್ನು ಕಪ್ಪು ಮಾಡುವ ಪ್ರೈವೆಸಿ ಮಾಸ್ಕ್ ಸೆಟ್ಟಿಂಗ್ ಇದೆ. ಮನೆಗೆಲಸಕ್ಕೆ ಬರುವವರಿಗೂ ಕ್ಯಾಮೆರಾ ಇದೆ ಅಂತ ಮೊದಲೇ ಹೇಳಿಬಿಡಿ, ಅದು ಮರ್ಯಾದೆ.

ಖರೀದಿಯಲ್ಲಿ ಒಂದು ಮಾತು. ಸಿಸಿಟಿವಿ ಕ್ಯಾಮೆರಾಗಳ ಸೈಬರ್ ಭದ್ರತೆಗೆ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ನಿಯಮ ಹೊರಡಿಸಿತು. ಅದು 2025ರ ಏಪ್ರಿಲ್ 9ರಿಂದ ಜಾರಿಗೆ ಬಂತು. ಪೆಟ್ಟಿಗೆ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ನಂಬರ್ ಇರಬೇಕು, ಅದು ಆರ್ ಅಕ್ಷರದಿಂದ ಶುರುವಾಗುತ್ತದೆ. ಬಿಐಎಸ್ ಕೇರ್ ಆಪ್‌ನಲ್ಲಿ ಆ ನಂಬರ್ ಹಾಕಿದರೆ ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತೇ ನೋಡಿ.

ಕೇಬಲ್

ವೈಫೈ ಕ್ಯಾಮೆರಾ ಬಾಡಿಗೆ ಮನೆಗೆ ಸರಿ. ಸ್ವಂತ ಮನೆಗೆ ಪಿಓಇ ಕ್ಯಾಮೆರಾ ಹಾಕಿಸಿ. ಒಂದೇ ಕ್ಯಾಟ್-6 ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. 100 ಮೀಟರ್ ಮಿತಿ. ಪೂರ್ತಿ ತಾಮ್ರದ ಕೇಬಲ್ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ಕೇಬಲ್ ಕೂಡ ಅದೇ ಬಣ್ಣದಲ್ಲಿ ಸಿಗುತ್ತದೆ. ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದರಲ್ಲಿ ದೂರಕ್ಕೆ ಕರೆಂಟ್ ಸರಿಯಾಗಿ ಹೋಗುವುದಿಲ್ಲ, ಹಗಲೆಲ್ಲ ಚೆನ್ನಾಗಿದ್ದ ಕ್ಯಾಮೆರಾ ರಾತ್ರಿ ಇನ್‌ಫ್ರಾರೆಡ್ ಹೊತ್ತಿಕೊಂಡ ಕೂಡಲೇ ಆಫ್ ಆಗುತ್ತದೆ. ಕಾರಣ ಗೊತ್ತಾಗದೆ ನಾವು ಒಂದು ತಿಂಗಳು ಒದ್ದಾಡಿದ್ದೇವೆ.

ಕ್ರಿಂಪ್ ಮಾಡುವಾಗ, ಅಂದರೆ ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ, ತಂತಿಗಳ ಬಣ್ಣದ ಕ್ರಮ ಎರಡೂ ತುದಿಯಲ್ಲಿ ಒಂದೇ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊರಗಿನ ಜೋಡಣೆ ಎಲ್ಲವೂ ನೀರು ಹೋಗದ ಡಬ್ಬಿಯೊಳಗೆ ಇರಲಿ. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ, ಕೇಬಲ್ ಒಳಗೆ ಹೋಗುವ ಮುಂಚೆ ಕೆಳಗೆ ಒಂದು ಬಾಗು ಬಿಡಿ, ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಅಳಿಲು, ಹೆಗ್ಗಣ, ಕೋತಿ ಮೂರೂ ಇರುವ ಊರು ನಮ್ಮದು. ಬರಿಯ ಕೇಬಲ್ ಬಿಡಬೇಡಿ, ಪೈಪಿನೊಳಗೆ ಎಳೆಯಿರಿ.

ರೆಕಾರ್ಡರ್ ಮತ್ತು ಹಾರ್ಡ್ ಡಿಸ್ಕ್

ಲೆಕ್ಕ ಸುಲಭ. ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ ಎಚ್.265 ಪದ್ಧತಿಯಲ್ಲಿ ಒಂದು ಕ್ಯಾಮೆರಾಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಇಟ್ಟರೆ ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾಕ್ಕೆ 86.4 ಜಿಬಿ. ಒಂದು ಟಿಬಿ ಡಿಸ್ಕ್ ಹನ್ನೊಂದು ದಿನ, ಎರಡು ಟಿಬಿ 23 ದಿನ ಬರುತ್ತದೆ. ಕಂಪ್ಯೂಟರಿನ ಹಳೆಯ ಡಿಸ್ಕ್ ಹಾಕಬೇಡಿ, ಹಗಲು ರಾತ್ರಿ ಬರೆಯುವ ಕೆಲಸಕ್ಕೆಂದೇ ಮಾಡಿದ ಸರ್ವೈಲೆನ್ಸ್ ಡಿಸ್ಕ್ ಬೇಕು.

ರೆಕಾರ್ಡರ್ ಟಿವಿ ಪಕ್ಕ ಬೇಡ, ದಯವಿಟ್ಟು. ಅಟ್ಟದಲ್ಲಿ, ಗಾಳಿಯಾಡುವ ಬೀಗದ ಪೆಟ್ಟಿಗೆಯಲ್ಲಿ ಇಡಿ. ಗೇಟಿನ ಕ್ಯಾಮೆರಾದೊಳಗೆ ಒಂದು ಮೆಮೊರಿ ಕಾರ್ಡ್ ಕೂಡ ಹಾಕಿ. ರೆಕಾರ್ಡರ್ ಹೋದರೂ ಒಂದು ಮುಖವಾದರೂ ಉಳಿಯಬಹುದು.

ನೆಟ್‌ವರ್ಕ್ ಮತ್ತು ಪಾಸ್‌ವರ್ಡ್

2016ರಲ್ಲಿ ಮಿರಾಯ್ ಅನ್ನುವ ದುಷ್ಟ ಪ್ರೋಗ್ರಾಂ ಪ್ರಪಂಚದ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್ (ಡಿವಿಆರ್), ರೂಟರ್‌ಗಳನ್ನು ವಶಕ್ಕೆ ತಗೊಂಡಿತು. ಅದು ಮಾಡಿದ್ದು ಇಷ್ಟೇ, ಕಂಪನಿ ಕೊಟ್ಟ ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿ ಹಿಡಿದು ಒಂದೊಂದಾಗಿ ಪ್ರಯತ್ನಿಸಿದ್ದು. ಅದೇ ವರ್ಷ ಅಕ್ಟೋಬರ್ 21ರಂದು ಅಂಥ ಕ್ಯಾಮೆರಾಗಳನ್ನು ಸೇರಿಸಿ, ವೆಬ್‌ಸೈಟ್ ಹೆಸರಿಗೆ ಇಂಟರ್‌ನೆಟ್ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿಯ ಮೇಲೆ ನುಗ್ಗಿಸಿದಾಗ ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳೇ ತೆರೆಯದೆ ಹೋದವು. ನಿಮ್ಮ ಜಗಲಿಯ ಕ್ಯಾಮೆರಾ ಕೂಡ ಹಾಗೆ ಬೇರೆಯವರ ಕೈಗೆ ಹೋಗಬಾರದು ಅಂದರೆ ಮೊದಲ ಕೆಲಸ ಪಾಸ್‌ವರ್ಡ್ ಬದಲಿಸುವುದು. ಕನಿಷ್ಠ ಹನ್ನೆರಡು ಅಕ್ಷರ, ಕ್ಯಾಮೆರಾಕ್ಕೆ ಒಂದು, ರೆಕಾರ್ಡರ್‌ಗೆ ಒಂದು, ಆಪ್‌ಗೆ ಇನ್ನೊಂದು. ಜೋಡಿಸಲು ಬಂದ ಹುಡುಗ ತನ್ನ ಫೋನಿನಲ್ಲಿ ನಿಮ್ಮ ಕ್ಯಾಮೆರಾ ಸೇರಿಸಿಕೊಂಡು ಪರೀಕ್ಷೆ ಮಾಡುತ್ತಾನೆ. ಅದು ಅವನ ಕೆಲಸದ ಭಾಗ, ತಪ್ಪೇನಿಲ್ಲ. ಆದರೆ ಅವನು ಹೊರಡುವ ಮುಂಚೆ ಅದನ್ನು ತೆಗೆಸಿ, ಖಾತೆ ನಿಮ್ಮ ನಂಬರಿನಲ್ಲಿ ಇದೆಯಾ ಅಂತ ನೋಡಿ.

ರೂಟರ್‌ನಲ್ಲಿ ಯುಪಿಎನ್‌ಪಿ (ಸಾಧನಗಳು ತಾವಾಗಿಯೇ ಹೊರಗಿನಿಂದ ದಾರಿ ತೆರೆಸಿಕೊಳ್ಳುವ ಸೆಟ್ಟಿಂಗ್) ಆಫ್ ಮಾಡಿ. ಹೊರಗಿನಿಂದ ಕ್ಯಾಮೆರಾ ನೋಡಲು ರೂಟರ್‌ನಲ್ಲಿ ದಾರಿ ಬಿಡುವ ಪೋರ್ಟ್ ಫಾರ್ವರ್ಡ್ ಮಾಡಿಸಬೇಡಿ, ಅದು ಬೀದಿಗೆ ಬಾಗಿಲು ತೆರೆದಿಟ್ಟ ಹಾಗೆ. ನಮ್ಮಲ್ಲಿ ಬಹಳಷ್ಟು ಇಂಟರ್‌ನೆಟ್ ಕನೆಕ್ಷನ್‌ಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಹೊರ ವಿಳಾಸ ಇರುವುದರಿಂದ ಅದು ಕೆಲಸವನ್ನೂ ಮಾಡುವುದಿಲ್ಲ. ಕಂಪನಿ ಆಪ್‌ನ ಕ್ಯೂಆರ್ ದಾರಿಯಲ್ಲೇ ನೋಡಿ. ಸ್ವಲ್ಪ ತಿಳಿದವರು ವಿಪಿಎನ್ (ಮನೆಯ ನೆಟ್‌ವರ್ಕಿಗೆ ಗುಪ್ತ ದಾರಿ) ಹಾಕಿಕೊಂಡರೆ ಇನ್ನೂ ಒಳ್ಳೆಯದು.

ರೆಕಾರ್ಡರ್‌ಗೂ ಕಮ್ಯುನಿಕೇಟರ್‌ಗೂ ಮನೆಯ ನೆಟ್‌ವರ್ಕಿನಲ್ಲಿ ಬದಲಾಗದ ವಿಳಾಸ (ಐಪಿ) ಕೊಡಿ, ಉದಾಹರಣೆಗೆ 192.168.1.50 ಮತ್ತು 51. ರೂಟರ್‌ನಲ್ಲೇ ಅದನ್ನು ಕಾಯ್ದಿರಿಸಬಹುದು. ಇಲ್ಲದಿದ್ದರೆ ಮಕ್ಕಳ ಫೋನು ಒಂದು ದಿನ ಅದೇ ವಿಳಾಸ ಹಿಡಿದುಕೊಂಡು ಎರಡಕ್ಕೂ ಜಗಳ ಬೀಳುತ್ತದೆ. ವೈಫೈ ಸೆನ್ಸರ್, ಕಮ್ಯುನಿಕೇಟರ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಜ್ ಮಾತ್ರ ಹಿಡಿಯುತ್ತವೆ. ಜೋಡಿಸುವಾಗ ಸೇರುತ್ತಲೇ ಇಲ್ಲ ಅಂದರೆ ಮೊದಲು ನೋಡಬೇಕಾದದ್ದು ಇದೇ. ಟೈಮ್ ಝೋನ್ ಜಿಎಂಟಿ +5:30 ಇಡಿ, ಸಮಯ ಇಂಟರ್‌ನೆಟ್‌ನಿಂದ ತಾನೇ ಸರಿಯಾಗುವ ಹಾಗೆ ಮಾಡಿ. ಗಡಿಯಾರ ತಪ್ಪಿದ್ದರೆ ಒಳ್ಳೆಯ ಚಿತ್ರವೂ ಠಾಣೆಯಲ್ಲಿ ತಲೆನೋವಾಗುತ್ತದೆ.

ಕರೆಂಟ್

ಪ್ಯಾನೆಲ್ ಒಳಗೆ 12 ವೋಲ್ಟ್ 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಇರುತ್ತದೆ. ಪ್ಯಾನೆಲ್ 200 ಮಿಲಿಆಂಪ್ ತಿಂದರೆ ಲೆಕ್ಕಕ್ಕೆ 35 ಗಂಟೆ. ಸೈರನ್ ಕೂಗಿದರೆ, ಬ್ಯಾಟರಿ ಹಳತಾಗಿದ್ದರೆ ಅಷ್ಟು ಬರುವುದಿಲ್ಲ, ಒಂದು ದಿನ ಅಂದುಕೊಳ್ಳಿ. ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ ಒಂದು ಪುಟ್ಟ 12 ವೋಲ್ಟ್ ಯುಪಿಎಸ್ ಕೊಡಿ. ರೆಕಾರ್ಡರ್ ಇನ್ವರ್ಟರ್ ಲೈನಿನಲ್ಲಿದ್ದರೆ ಇನ್ವರ್ಟರ್‌ನ ಹಿಂದಿನ ಸ್ವಿಚ್ ಯುಪಿಎಸ್ ಕಡೆಗೆ ಇರಲಿ. ಮಾಮೂಲಿ ಮೋಡ್‌ನಲ್ಲಿ ಬದಲಾವಣೆ ನಿಧಾನ, ಕರೆಂಟ್ ಹೋದಾಗಲೆಲ್ಲ ರೆಕಾರ್ಡರ್ ಆಫ್ ಆಗಿ ಆನ್ ಆಗುತ್ತದೆ, ಆ ಎರಡು ನಿಮಿಷ ಕುರುಡು.

ಮೇನ್ ಆಫ್ ಮಾಡಿ ಊರಿಗೆ ಹೋಗುವ ಅಭ್ಯಾಸ ಬಿಡುವುದು ಕಷ್ಟ, ಆ ಭಯ ನನಗೂ ಅರ್ಥವಾಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅಲಾರಂ, ರೂಟರ್, ರೆಕಾರ್ಡರ್‌ಗೆ ಬೇರೆಯದೇ ಎಂಸಿಬಿ ಹಾಕಿಸಿ, ಅದರ ಮೇಲೆ "ಇದನ್ನು ಆಫ್ ಮಾಡಬೇಡಿ" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಉಳಿದ ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ ಹೋಗಬಹುದು.

ತೋಟದ ಮನೆಯವರಿಗೆ

ಚಿಕ್ಕಪ್ಪನ ತೋಟದಲ್ಲಿ ಮನೆಯಿಂದ ಪಂಪ್‌ಸೆಟ್‌ಗೆ 250 ಮೀಟರ್. ಅಲ್ಲಿನ ಕೇಬಲ್ ಎರಡು ಸಲ ಕಳುವಾಗಿತ್ತು. ಕ್ಯಾಟ್-6 ಅಷ್ಟು ದೂರ ಹೋಗುವುದಿಲ್ಲ ಅಂತ ವೈರ್‌ಲೆಸ್ ಬ್ರಿಡ್ಜ್ ಹಾಕಿದೆವು, ಎರಡು ಕಡೆ ಎರಡು ಆಂಟೆನಾ, ಚಿತ್ರ ಚೆನ್ನಾಗಿ ಬರುತ್ತಿತ್ತು. ಏಳೆಂಟು ತಿಂಗಳಾದ ಮೇಲೆ ಮಸುಕು ಮಸುಕು, ಆಮೇಲೆ ಪೂರ್ತಿ ಬಂದ್. ಕಾರಣ ಕಬ್ಬು. ನಾವು ಹಾಕಿದ್ದು ಕಟಾವಾದ ಬಯಲಿನಲ್ಲಿ, ಕಬ್ಬು ಹತ್ತು ಅಡಿ ಬೆಳೆದು ಆಂಟೆನಾಗಳ ನಡುವೆ ಹಸಿರು ಗೋಡೆಯಾಗಿತ್ತು. "ಅಲ್ಲ ಕಣಪ್ಪ, ಕಬ್ಬು ಬೆಳೀತದೆ ಅಂತ ನಂಗೊಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ" ಅಂದರು ಚಿಕ್ಕಪ್ಪ. ಈಗ ಎರಡೂ ಕಡೆ ಇಪ್ಪತ್ತು ಅಡಿ ಪೈಪ್ ಕಂಬ ನಿಲ್ಲಿಸಿದ್ದೇವೆ. ಮಂಡ್ಯ ಕಡೆ ಯಾರೇ ಇದನ್ನು ಹಾಕಿದರೂ ಬೆಳೆ ನಿಂತಾಗಿನ ಎತ್ತರ ಲೆಕ್ಕ ಹಾಕಿ, ತೆಂಗಿನ ಗರಿಗಳನ್ನೂ ಸೇರಿಸಿ.

ಮನೆಯಿಂದ ಕೊಟ್ಟಿಗೆಗೆ ಹೊರಗಡೆ ತಾಮ್ರದ ಕೇಬಲ್ ಎಳೆದರೆ ಏಪ್ರಿಲ್ ಮೇ ತಿಂಗಳ ಗುಡುಗು ಮಿಂಚಿಗೆ ಅದೇ ದಾರಿಯಾಗುತ್ತದೆ. ಅಲ್ಲಿಗೆ ಫೈಬರ್ ಹಾಕಿ, ಅದರಲ್ಲಿ ಮಿಂಚಿನ ವಿದ್ಯುತ್ ಹರಿಯುವುದಿಲ್ಲ. ಇಂಟರ್‌ನೆಟ್ ಇಲ್ಲದ ಕಡೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಸಾಕು, ಆದರೆ ಸೋಲಾರ್ ಪ್ಯಾನಲ್ ಮೇಲೆ ಮರದ ನೆರಳು ಬೀಳಬಾರದು. ಕೊಟ್ಟಿಗೆ ಕ್ಯಾಮೆರಾದಲ್ಲಿ ಚಿರತೆ ಕಂಡರೆ ಕೋಲು ಹಿಡಿದು ಹೊರಗೆ ಹೋಗಬೇಡಿ, ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಕರೆ ಬಂದಾಗ, ಮತ್ತು ಆಮೇಲೆ

ಅಲಾರಂ ಕರೆ ಬಂದರೆ ಮೊದಲು ಆಪ್‌ನಲ್ಲಿ ಕ್ಯಾಮೆರಾ ನೋಡಿ. ಜನ ಕಂಡರೆ 112ಕ್ಕೆ ಕರೆ ಮಾಡಿ ವಿಳಾಸ, ಹತ್ತಿರದ ಗುರುತು ಹೇಳಿ. ಪಕ್ಕದ ಮನೆಯವರಿಗೆ ಲೈಟ್ ಹಾಕಿ ಗಲಾಟೆ ಮಾಡಲು ಹೇಳಿ, ಒಳಗೆ ನುಗ್ಗಲು ಹೇಳಬೇಡಿ. ಊರಿಗೆ ಹೋಗುವ ಮುಂಚೆ ನಿಮ್ಮ ಬಡಾವಣೆಯ ಠಾಣೆಗೂ ತಿಳಿಸಿ, ಬೀಟ್‌ಗೆ ಬರುವವರು ಆ ಕಡೆ ಒಂದು ಸಲ ಕಣ್ಣು ಹಾಯಿಸುತ್ತಾರೆ.

ಏನಾದರೂ ಆದರೆ ಅದೇ ದಿನ ಆ ಹೊತ್ತಿನ ರೆಕಾರ್ಡಿಂಗ್ ಅನ್ನು ಪೆನ್‌ಡ್ರೈವ್‌ಗೆ ಎರಡು ಪ್ರತಿ ತೆಗೆಯಿರಿ, ಡಿಸ್ಕ್ ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿದ್ದು ಸಾಕಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕು. ಹಳೆಯ ಕಾನೂನಿನಲ್ಲಿ ಇದನ್ನೇ 65ಬಿ ಅನ್ನುತ್ತಿದ್ದರು. ಪೊಲೀಸರು ಕೇಳಿದರೆ ರೆಕಾರ್ಡರನ್ನೇ ಕೊಡಬೇಕಾಗಬಹುದು, ರಸೀದಿ ತಗೊಳ್ಳಿ.

ಕೊನೆಯದಾಗಿ ಪರೀಕ್ಷೆ. ತಿಂಗಳ ಮೊದಲ ಭಾನುವಾರ ನಮ್ಮನೆಯಲ್ಲಿ ಇದು ನಡೆಯುತ್ತದೆ, ಕಾಲು ಗಂಟೆ ಸಾಕು. ಪಕ್ಕದವರಿಗೆ ಮೊದಲೇ ಹೇಳಿ, ಅಲಾರಂ ಹಾಕಿ, ಹಿತ್ತಿಲ ಬಾಗಿಲು ತೆರೆಯಿರಿ. ಸೈರನ್ ಕೂಗಿತಾ, ಎಷ್ಟು ಸೆಕೆಂಡಿಗೆ ಮೊದಲ ಕರೆ ಬಂತು, ಎತ್ತದಿದ್ದರೆ ಎರಡನೆಯವರಿಗೆ ಹೋಯಿತಾ. ಆಮೇಲೆ ರೂಟರ್ ಆಫ್ ಮಾಡಿ ಮತ್ತೆ ಬಾಗಿಲು ತೆರೆಯಿರಿ, ಸಿಮ್ ದಾರಿಯಲ್ಲೂ ಕರೆ ಬರಬೇಕು. ಅದೂ ಬಂದ ಮೇಲೆ ಪ್ಯಾನೆಲ್‌ನ ಕರೆಂಟ್ ಪ್ಲಗ್ ತೆಗೆದು, ಬ್ಯಾಟರಿ ಮೇಲೆ ಇನ್ನೊಂದು ಸಲ. ನಮ್ಮ ಬೀದಿಯ ಆ ಅಜ್ಜಿಯ ಮನೆಯಲ್ಲೂ ಈಗ ಹೀಗೇ ಮಾಡುತ್ತಾರೆ. ಎರಡನೇ ಕರೆ ಹೋಗುವುದು ನನ್ನ ಫೋನಿಗೆ.